ಕೊಡುವವಳ ಮನೆಗೆ ಬಂದ ಚೀಲ

ನನ್ನ ಅತ್ತಿಗೆ ಕೆಲಸ ಮಾಡುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ಹಾಗೆಂದ ಕೂಡಲೇ ಜನ ಅವಳು ಕಲ್ಲಿಗೆ ಬಟ್ಟೆ ಬಡಿಯುತ್ತಾಳೆ ಅಂದುಕೊಳ್ಳುತ್ತಾರೆ. ಒಗೆಯುವುದು ಯಂತ್ರ, ಹಿಂಡುವುದು ಯಂತ್ರ, ಇಸ್ತ್ರಿ ಮಾಡುವುದೂ ಯಂತ್ರವೇ. ಮಡಚುವುದಕ್ಕೆ ಮಾತ್ರ ಇನ್ನೂ ಮನುಷ್ಯರು ಬೇಕು, ಅದೂ ಒಬ್ಬರಲ್ಲ, ಇಬ್ಬರು. ಬಿಸಿ ಬೆಡ್‌ಶೀಟಿನ ಎರಡು ತುದಿ ಒಬ್ಬಳ ಕೈಯಲ್ಲಿ, ಇನ್ನೆರಡು ಎದುರಿನವಳ ಕೈಯಲ್ಲಿ. ಒಂದು ಸಲ ಜಾಡಿಸಬೇಕು, ಎಳೆದು ಸುಕ್ಕು ಬಿಡಿಸಬೇಕು, ಮುಂದೆ ಬಂದು ತುದಿಗೆ ತುದಿ ಕೂಡಿಸಬೇಕು, ಮತ್ತೆ ಹಿಂದೆ ಹೋಗಬೇಕು. ದಿನವಿಡೀ ಹೀಗೆ ಮುಂದೆ ಬಂದು ಹಿಂದೆ ಹೋಗಿ, ಎಲ್ಲಿಗೂ ತಲುಪದೆ ಅವಳು ಎಷ್ಟು ದೂರ ನಡೆಯುತ್ತಾಳೋ ದೇವರಿಗೇ ಗೊತ್ತು. ಆಮೇಲೆ ಮನೆಗೂ ನಡೆದೇ ಬರುತ್ತಾಳೆ. ನನಗೆ ಸಿಟ್ಟು ಬರುವುದು ಅಲ್ಲಿ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಣ್ಣ ಹೇಳುತ್ತಾನೆ. ಇರಲಿ. ಮದುವೆಯಾಗದೆ ಅಣ್ಣನ ಮನೆಯಲ್ಲಿ ಉಳಿದುಹೋದ ತಂಗಿಗೆ ಮೂಗಿನ ತುದಿಯಲ್ಲಾದರೂ ಏನಾದರೂ ಇರಬೇಕಲ್ಲ. ನಾನು ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಅದೇ ಆಸ್ಪತ್ರೆಯ ಹರಿದ ಬೆಡ್‌ಶೀಟು, ರೋಗಿಗಳ ಅಂಗಿ ಹೊಲಿದುಕೊಡುತ್ತೇನೆ. ಅಣ್ಣ ಒಂದು ದೊಡ್ಡ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಾನೆ. ದಿನವಿಡೀ ಊರಿನವರನ್ನೆಲ್ಲ ಮೇಲಕ್ಕೆತ್ತಿ, ಸಂಜೆ ನಮ್ಮ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಬರುತ್ತಾನೆ, ಅರ್ಧದಲ್ಲಿ ಕೂತು ಸುಧಾರಿಸಿಕೊಂಡು. ಅವರಿಗೆ ಮಕ್ಕಳಿಲ್ಲ. ಎರಡು ಕೋಣೆ, ಒಂದು ಒಲೆ, ಮೂರು ಜನ. ಮೊದಮೊದಲು ನಾನು ಅತ್ತಿಗೆಯನ್ನು ‘ನೀವು’ ಅನ್ನುತ್ತಿದ್ದೆ. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಜಗಳವಾಡಿದ ಮೇಲೆ ಅದು ತಾನಾಗಿಯೇ ‘ನೀನು’ ಆಯಿತು.

ಈ ನಡಿಗೆಯ ಕಥೆ ಶುರುವಾದದ್ದು ಒಂದು ಭಾನುವಾರ, ಚರ್ಚಿನಲ್ಲಿ. ಫಾದರ್ ಅವತ್ತು ದಾನದ ಬಗ್ಗೆ ಮಾತಾಡಿದರು. ದೊಡ್ಡದು ಕೊಡಲು ನಿಮ್ಮ ಹತ್ತಿರ ಇಲ್ಲ, ನನಗೆ ಗೊತ್ತು, ಹಾಗಂತ ಕೈಕಟ್ಟಿ ಕೂರಬೇಡಿ. ದಿನಕ್ಕೆ ಒಂದು ಸಣ್ಣ ಸುಖ ಬಿಡಿ, ನೀವು ಬಿಟ್ಟದ್ದು ಇನ್ನೊಬ್ಬರಿಗೆ ತಲುಪಲಿ. ಬಿಟ್ಟಾಗ ಸ್ವಲ್ಪ ಚುರುಕ್ ಅನ್ನಬೇಕು, ಇಲ್ಲದಿದ್ದರೆ ಅದು ದಾನವಲ್ಲ, ಬೇಡದ್ದನ್ನು ಆಚೆ ಹಾಕಿದಂತೆ ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸಿದೆ. ಇಡೀ ಚರ್ಚು ಹೌದು ಹೌದು ಎಂದು ತಲೆಯಾಡಿಸಿ, ಮನೆಗೆ ಹೋಗಿ, ಉಂಡು ಮಲಗಿತು. ಅತ್ತಿಗೆ ಒಬ್ಬಳೇ ಆ ಮಾತನ್ನು ಮನೆಗೆ ಹೊತ್ತು ತಂದಳು.

ಆಸ್ಪತ್ರೆಯ ಹಿಂದೆ ಕಾನ್ವೆಂಟಿನ ಸಿಸ್ಟರ್‌ಗಳು ನಡೆಸುವ ಒಂದು ಮನೆ ಇದೆ. ವಾಸಿಯೂ ಆಗದ, ಸಾವೂ ಬಾರದ, ಕರೆದುಕೊಂಡು ಹೋಗಲು ಯಾರೂ ಇಲ್ಲದ ರೋಗಿಗಳನ್ನು ಅಲ್ಲಿ ಇಟ್ಟುಕೊಳ್ಳುತ್ತಾರೆ. ಅವರ ಬೆಡ್‌ಶೀಟುಗಳೂ ಅತ್ತಿಗೆಯ ಮೇಜಿಗೇ ಬರುತ್ತವೆ. ಹೊರಳದೆ ಮಲಗಿದವರ ಬೆನ್ನಿನ ಕೆಳಗೆ ಬಟ್ಟೆ ಸವೆದು, ನಡುಭಾಗ ಬೆಳಕಿಗೆ ಹಿಡಿದರೆ ಆಚೆಯವರ ಮುಖ ಕಾಣುವಷ್ಟು ತೆಳುವಾಗಿರುತ್ತದೆ. ಆ ನಡುಭಾಗಕ್ಕೆ ತೇಪೆ ಹಾಕುವವಳು ನಾನು. ನನಗೆ ಅದು ತೇಪೆ ಅಷ್ಟೇ. ಅತ್ತಿಗೆಗೆ ಅದು ಒಬ್ಬ ಮನುಷ್ಯ.

ಮೊದಲು ಅವಳು ಕೆಲಸದ ಜಾಗದ ಚಹಾ ಬಿಟ್ಟಳು. ಅವಳಿಗೆ ಚಹಾ ಎಂದರೆ ಪ್ರಾಣ. ಮದುವೆಯಾಗಿ ಬಂದ ಹೊಸದರಲ್ಲಿ ಲೋಟದ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆದು ನೆಕ್ಕುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಬಸ್ಸು ಬಿಟ್ಟಳು. ಆಮೇಲೆ ಒಂದೊಂದಾಗಿ ತಲೆಗೆ ಹಚ್ಚುವ ಎಣ್ಣೆ, ಹೊಸ ಚಪ್ಪಲಿ, ಮಧ್ಯಾಹ್ನದ ಡಬ್ಬಿಯಲ್ಲಿ ಒಂದು ಪಲ್ಯ. ಕರಗಿ ಚೂರಾದ ಸೋಪುಗಳನ್ನು ಒಂದಕ್ಕೊಂದು ಒತ್ತಿ ಅಂಟಿಸಿ ಮೈ ತೊಳೆಯುತ್ತಾಳೆ. ಉಳಿದದ್ದರಲ್ಲಿ ಹಾಲಿನ ಪುಡಿ, ಬೆನ್ನುಹುಣ್ಣಿಗೆ ಹಚ್ಚುವ ಮುಲಾಮು ಕೊಂಡು, ಆ ಮನೆಯ ಹಿಂಬಾಗಿಲಲ್ಲಿ ಇಟ್ಟು, ಗಂಟೆ ಒತ್ತಿ, ಬಾಗಿಲು ತೆರೆಯುವ ಮೊದಲೇ ಹೊರಟು ಬರುತ್ತಾಳೆ. ಈ ವಯಸ್ಸಿನಲ್ಲಿ ಗಂಟೆ ಒತ್ತಿ ಓಡುವುದು ಒಂದು ಆಟವೇ ಎಂದು ನಾನು ಹಂಗಿಸಿದರೆ ನಗುತ್ತಾಳೆ.

ಅಣ್ಣನಿಗೆ ಇದು ಯಾವುದೂ ಗೊತ್ತಿರಲಿಲ್ಲ. ನಡೆದು ಬರುವುದೇಕೆ ಎಂದು ಅವನು ಕೇಳಿದಾಗ, “ಡಾಕ್ಟರು ದಿನಾ ನಡೀಬೇಕು ಅಂದಿದ್ದಾರೆ” ಎಂದು ಹೇಳಿಬಿಟ್ಟಳು. ನನಗೆ ಗೊತ್ತಿತ್ತು, ಯಾಕೆಂದರೆ ಮನೆಯಲ್ಲಿ ಇಡೀ ದಿನ ಇರುವವಳು ನಾನು, ಮುಲಾಮಿನ ಡಬ್ಬಿ ಅಡಗಿಸಿಟ್ಟ ಮೂಲೆ ಗುಡಿಸುವವಳೂ ನಾನೇ.

“ಅಣ್ಣನಿಗೆ ಹೇಳಿದರೆ ಏನು ಗಂಟು ಹೋಗತ್ತೆ?” ಎಂದು ಕೇಳಿದೆ.

“ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ಲ.”

“ಹಾಗಾದರೆ ನಾನು ಯಾವ ಕೈ?”

“ನೀನು ಕೈ ಅಲ್ಲ, ಬಾಯಿ. ಅದಕ್ಕೇ ನನಗೆ ಭಯ” ಎಂದಳು.

ಹೇಳುವುದಿಲ್ಲ ಎಂದು ಮಾತು ಕೊಟ್ಟು, ಈ ಬಾಯಿಗೆ ಬೀಗ ಹಾಕಿಕೊಂಡು ನಾನು ಎಷ್ಟೋ ಕಾಲ ಕಳೆದೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ಮಾತ್ರ ಆಗಾಗ ಗೊಣಗುತ್ತಿದ್ದೆ, ಅದೂ ಸುಳ್ಳೇ. ನಮ್ಮ ತಟ್ಟೆಯಿಂದ ಅವಳು ಏನೂ ಕಡಿಮೆ ಮಾಡಲಿಲ್ಲ. ಕಡಿಮೆ ಮಾಡಿದ್ದೆಲ್ಲ ತನ್ನದರಿಂದಲೇ.

ಇದನ್ನು ಕೇಳಿದವರು ಅವಳೊಬ್ಬ ಸಂತಳೆಂದು ತಿಳಿಯಬಾರದು. ಸಂಜೆ ಬಂದವಳು ಚಪ್ಪಲಿ ಕೂಡ ತೆಗೆಯದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿಯುತ್ತಾಳೆ. ಬಕೆಟಿನಲ್ಲಿ ಬಿಸಿನೀರು ತಂದು ಮುಂದಿಟ್ಟರೆ ಕಾಲು ಇಳಿಬಿಟ್ಟು ಕಣ್ಣು ಮುಚ್ಚುತ್ತಾಳೆ. ಪಾದದ ಗಂಟುಗಳು ಊದಿಕೊಂಡಿರುತ್ತವೆ. ಹಬೆಯಲ್ಲಿ ಬೆಂದು ಕೈಬೆರಳುಗಳ ತುದಿ ಬಿಳಿಚಿರುತ್ತದೆ. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ.

“ಸಾಕು ಮಾಡು ಅತ್ತಿಗೆ. ದೇವರೇನು ನಿನ್ನ ಕಾಲಿನ ಮೇಲೆ ಕಣ್ಣಿಟ್ಟು ಕೂತಿದ್ದಾನಾ?”

“ಸಾಕು ಅಂತ ನನಗೂ ಅನಿಸತ್ತೆ. ದಿನಾ ಅನಿಸತ್ತೆ” ಎಂದಳು. ಕಣ್ಣು ತೆರೆಯಲಿಲ್ಲ. “ಕ್ಯಾಂಟೀನಿನಿಂದ ಚಹಾ ವಾಸನೆ ಬಂದಾಗ ಅಳು ಬರತ್ತೆ, ನಿಜ. ಬಸ್ಸು ಪಕ್ಕದಲ್ಲೇ ಹೋದಾಗ ಒಳಗೆ ಕೂತವರನ್ನ ನೋಡಿ ಹೊಟ್ಟೆ ಉರಿಯತ್ತೆ.”

“ಮತ್ತೆ?”

“ಮತ್ತೇನು. ಮಾರನೇ ದಿನ ಆ ಬೆಡ್‌ಶೀಟು ಮೇಜಿಗೆ ಬರತ್ತೆ. ಸಂತೋಷದಿಂದ ಕೊಡಬೇಕಂತೆ. ನಾನು ಸುಸ್ತಿನಿಂದ ಕೊಡ್ತೀನಿ. ದೇವರು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು.”

ಅವಳ ಎದುರು ತುದಿ ಹಿಡಿಯುವವಳ ಬಗ್ಗೆ ಹೇಳಬೇಕು, ಯಾಕೆಂದರೆ ಮುಂದೆ ನಡೆದದ್ದೆಲ್ಲ ಅವಳಿಂದ. ಗಂಡ ಸತ್ತವಳು, ಇಬ್ಬರು ಹೆಣ್ಣುಮಕ್ಕಳ ತಾಯಿ. ಎಷ್ಟು ಕುಳ್ಳಿ ಎಂದರೆ ಬೆಡ್‌ಶೀಟು ನೆಲಕ್ಕೆ ತಾಗದಂತೆ ಹಿಡಿಯಲು ತುದಿಗಾಲಲ್ಲಿ ನಿಲ್ಲಬೇಕು. ಅಲ್ಲಿ ಎಲ್ಲರೂ ಅವಳನ್ನು ಗುಬ್ಬಚ್ಚಿ ಎಂದೇ ಕರೆಯುತ್ತಾರೆ. ನಮ್ಮ ಚರ್ಚಿನವಳೇ. ಚರ್ಚಿನ ಸಹಾಯ ಸಂಘದವರು ತಿಂಗಳಿಗೊಮ್ಮೆ ಕೆಲವು ಮನೆಗಳಿಗೆ ಅಕ್ಕಿ, ಬೇಳೆ, ಎಣ್ಣೆ ತುಂಬಿದ ಚೀಲ ಕೊಡುತ್ತಾರೆ; ಗಂಡ ಸತ್ತ ದಿನದಿಂದ ಅವಳ ಮನೆಗೂ ಒಂದು ಚೀಲ ಹೋಗುತ್ತಿತ್ತು. ಅದು ಗುಟ್ಟಿನ ವಿಷಯವೇನಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಚೀಲ ತಲೆಯ ಮೇಲೆ ಹೊತ್ತು ಅವಳು ಗೇಟು ದಾಟುವುದನ್ನು ಎಲ್ಲರೂ ನೋಡಿದ್ದೇವೆ. ಅವಳ ಹಿಂದೆ ಮಕ್ಕಳಿಬ್ಬರು ತಲೆ ತಗ್ಗಿಸಿ ನಡೆಯುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಸಹಾಯ ಸಂಘದ ಟೀಚರಮ್ಮ, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತಿದ್ದರು. ಅವರ ಹಿಂದೆ ಒಬ್ಬ ಆಳು, ಅವನ ಹೆಗಲ ಮೇಲೆ ಚೀಲ. ನಾನು ಏನೂ ಕೇಳುವ ಮೊದಲೇ ಚೀಲ ಒಳಗೆ ಬಂದು ಅಡುಗೆಮನೆಯ ಗೋಡೆಗೆ ಒರಗಿ ಕೂತಿತು.

“ಟೀಚರಮ್ಮ, ಮನೆ ತಪ್ಪಿ ಬಂದಿದ್ದೀರಿ” ಎಂದೆ.

“ಇಲ್ಲಮ್ಮ, ತಪ್ಪಿಲ್ಲ. ನಮಗೆ ಎಲ್ಲ ಗೊತ್ತಾಗಿದೆ. ನಾಚಿಕೆ ಪಡಬಾರದು. ಕಷ್ಟ ಯಾರಿಗೆ ಬರಲ್ಲ ಹೇಳಿ?” ಎನ್ನುತ್ತ ನನ್ನ ಬೆನ್ನು ಸವರಿದರು.

ನನ್ನ ಬೆನ್ನು ಸವರಿದವರು ಈ ಲೋಕದಲ್ಲಿ ಕಡಿಮೆ. ಆದರೂ ಅಂಥ ಸುಖ ನನಗೆ ಬೇಡವಾಗಿತ್ತು. ನಾಲಿಗೆಯ ತುದಿಗೆ ನಾಲ್ಕು ಮಾತು ಬಂದವು; ಅತ್ತಿಗೆಗೆ ಕೊಟ್ಟ ಮಾತು ನೆನಪಾಗಿ ನುಂಗಿಕೊಂಡೆ. ಕುಡಿಯಲು ನೀರು ಕೊಟ್ಟೆ. ಟೀಚರಮ್ಮ ನೀರು ಕುಡಿದು, ಬಡವರ ಮನೆಗೆ ಹೊರೆಯಾಗಬಾರದೆಂದು ಲೋಟವನ್ನು ತಾವೇ ತೊಳೆದಿಟ್ಟು ಹೋದರು. ಒಳ್ಳೆಯ ಹೆಂಗಸು, ಅದರಲ್ಲಿ ಸಂಶಯವಿಲ್ಲ. ಆ ಒಳ್ಳೆಯತನಕ್ಕೇ ನನ್ನ ಮೈಯೆಲ್ಲ ಉರಿಯಿತು.

ಸಂಜೆ ಅತ್ತಿಗೆ ಬಂದು ಚೀಲ ನೋಡಿದಳು. ನಡೆದದ್ದನ್ನು ಹೇಳಿದೆ. ಅವಳು ಮೊದಲು ನಕ್ಕಳು. ಸ್ಟೂಲಿನ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ನನ್ನ ಚಪ್ಪಲಿ ನೋಡಿರಬೇಕು ಕಣೇ” ಎಂದಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಮೆಟ್ಟಿಲ ಮೇಲೆ ಅಣ್ಣನ ಹೆಜ್ಜೆ ಕೇಳುತ್ತಿತ್ತು.

ನನ್ನ ಅಣ್ಣನ ಸ್ವಭಾವ ಹೇಳುತ್ತೇನೆ. ಲಿಫ್ಟಿನಲ್ಲಿ ಯಾರಾದರೂ ಅವನ ಕೈಗೆ ಏನಾದರೂ ತುರುಕಲು ಬಂದರೆ ಕೈ ಹಿಂದೆ ಕಟ್ಟಿಕೊಂಡುಬಿಡುತ್ತಾನೆ. ಪಕ್ಕದ ಮನೆಯವರು ಕೊಟ್ಟ ಬಟ್ಟಲನ್ನು ಖಾಲಿ ಹಿಂದಿರುಗಿಸಿದರೆ ಅವತ್ತು ಅವನಿಗೆ ನಿದ್ದೆ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಜಾತಿ. ಅವನು ಚೀಲ ನೋಡಿದ, ಅದರ ಮೇಲೆ ಬರೆದ ಸಂಘದ ಹೆಸರು ನೋಡಿದ, ಆಮೇಲೆ ನಮ್ಮಿಬ್ಬರ ಮುಖ ನೋಡಿದ.

“ಇದನ್ನ ಯಾರು ಕೇಳಿದ್ದು?”

“ಯಾರೂ ಕೇಳಿಲ್ಲ. ತಪ್ಪಾಗಿ ಬಂದಿರಬೇಕು” ಎಂದಳು ಅತ್ತಿಗೆ.

“ತಪ್ಪಾಗಿ ಯಾರ ಮನೆಗೂ ಅಕ್ಕಿ ಬರಲ್ಲ” ಎಂದ. ಅವನ ದನಿ ಏರಲಿಲ್ಲ. ಏರಿದ್ದರೆ ವಾಸಿಯಿತ್ತು. “ನಾನು ಇಬ್ಬರು ಹೆಂಗಸರನ್ನ ಸಾಕೋಕೆ ಆಗದವನು ಅಂತ ಊರೆಲ್ಲ ಮಾತಾಡಿಕೊಂಡ ಮೇಲೆ ಬಂದಿರತ್ತೆ. ನಾಳೆ ಇದು ವಾಪಸ್ ಹೋಗಬೇಕು.”

ಇಬ್ಬರು ಹೆಂಗಸರೂ ದುಡಿಯುವವರೇ ಎಂದು ಅವನಿಗೆ ನೆನಪಿಸಬೇಕು ಅನಿಸಿತು. ಅವನ ಮುಖ ನೋಡಿ ತಟ್ಟೆ ಇಡಲು ಎದ್ದೆ. ಅವತ್ತು ಅವನು ಊಟಕ್ಕೆ ಏಳಲಿಲ್ಲ.

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನನ್ನ ಪಾಲಿಗೇ ಬಂತು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಗೆ ಹೋದೆ. ಟೀಚರಮ್ಮ ಖಾಲಿ ಚೀಲಗಳನ್ನು ಸುತ್ತಿಡುತ್ತಿದ್ದರು. “ನಮಗೆ ಬೇಕಾಗಿಲ್ಲ, ಯಾರನ್ನಾದರೂ ಕಳಿಸಿ, ಎತ್ತಿಕೊಂಡು ಹೋಗಲಿ” ಎಂದೆ. ಸಾಧ್ಯವಾದಷ್ಟು ಮೆತ್ತಗೆ ಹೇಳಿದೆ. ನನ್ನ ಮೆತ್ತಗೆ ಉಳಿದವರ ಗದರಿಕೆಯಷ್ಟಿರುತ್ತದೆ.

ಟೀಚರಮ್ಮ ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿದರು. “ಹಾಗೆ ಮಾಡಬೇಡಿ. ಆ ಹುಡುಗಿಗೆ ತುಂಬಾ ನೋವಾಗತ್ತೆ.”

“ಯಾವ ಹುಡುಗಿ?”

“ನಿಮ್ಮ ಅತ್ತಿಗೆ ಜೊತೆ ಕೆಲಸ ಮಾಡ್ತಾಳಲ್ಲ, ಅವಳೇ. ನಮ್ಮಲ್ಲಿ ಚೀಲಗಳು ಇಷ್ಟೇ ಅಂತ ಇದೆ. ಒಂದು ಮನೆ ಹೊಸದಾಗಿ ಸೇರಬೇಕಾದರೆ ಒಂದು ಮನೆ ಬಿಡಬೇಕು. ಅವಳೇ ಬಂದು ಹೇಳಿದಳು. ‘ಅಕ್ಕ ಚಹಾ ಕೂಡ ಕುಡಿಯಲ್ಲ, ಬಸ್ಸಿಗೂ ಹತ್ತಲ್ಲ, ಡಬ್ಬಿಯಲ್ಲಿ ಬರೀ ಅನ್ನ ಇರತ್ತೆ, ಕೇಳಿದರೆ ಹೊಟ್ಟೆ ತುಂಬಿದೆ ಅಂತಾಳೆ, ಬಾಯಿಬಿಟ್ಟು ಯಾವತ್ತೂ ಕೇಳೋಳಲ್ಲ, ನನ್ನ ಚೀಲ ಅವಳಿಗೆ ಕೊಡಿ’ ಅಂದಳು. ನಾನು ಬೇಡ ಅಂದೆ. ಅವಳು ಬಿಡಬೇಕಲ್ಲ.”

ಆ ಕೋಣೆಯಿಂದ ಹೇಗೆ ಹೊರಬಂದೆನೋ ನೆನಪಿಲ್ಲ. ಅಲ್ಲಿಯವರೆಗೆ ನಮಗೆ ಆದದ್ದು ಬರೀ ಅವಮಾನ ಅಂದುಕೊಂಡಿದ್ದೆ. ಅವಮಾನ ಎಷ್ಟು ಹಗುರದ ವಸ್ತು ಎಂದು ಆಗ ಗೊತ್ತಾಯಿತು.

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅಣ್ಣ ಒಳಗಿನ ಕೋಣೆಯಲ್ಲಿ ಮಲಗಿದ್ದಾನೆ ಎಂದುಕೊಂಡು ಪಿಸುಗುಟ್ಟಿದೆ. ಅತ್ತಿಗೆ ತರಕಾರಿ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟಳು. ಚೀಲದ ಕಡೆ ನೋಡಿದಳು, ಆಮೇಲೆ ಅಲ್ಲಿಂದ ಮುಖ ತಿರುಗಿಸಿಕೊಂಡು ಅಳಲು ಶುರು ಮಾಡಿದಳು. ನಮ್ಮಮ್ಮ ಸತ್ತಾಗ, ಹೊಟ್ಟೆಯಲ್ಲಿದ್ದ ಕೂಸು ಹೋದಾಗ ಕೂಡ ಅವಳು ಹೀಗೆ ದನಿ ತೆಗೆದು ಅತ್ತದ್ದನ್ನು ನಾನು ಕಂಡಿರಲಿಲ್ಲ.

“ಆ ಮಕ್ಕಳ ಅನ್ನ ಕಣೇ ಇದು. ನಾನು ಚಹಾ ಬಿಟ್ಟೆ ಅಂತ ಆ ಮಕ್ಕಳು ಅನ್ನ ಬಿಡಬೇಕಾಯ್ತಾ? ನಾನು ಯಾರಿಗೆ ಏನು ಕೊಟ್ಟ ಹಾಗಾಯ್ತು?”

ಅಣ್ಣ ಬಾಗಿಲಲ್ಲಿ ನಿಂತಿದ್ದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅತ್ತಿಗೆ ಎಲ್ಲ ಹೇಳಿದಳು. ಚಹಾ, ಬಸ್ಸು, ಹಾಲಿನ ಪುಡಿ, ಮುಲಾಮು, ಹಿಂಬಾಗಿಲು, ಒಂದೂ ಬಿಡಲಿಲ್ಲ. ಅಣ್ಣ ಗೋಡೆಗೆ ಕೈಯೂರಿ ಕೇಳಿದ.

“ಹಾಗಾದರೆ ಡಾಕ್ಟರು ನಡೀಬೇಕು ಅಂದಿದ್ದು?”

“ಸುಳ್ಳು.”

“ಇಷ್ಟು ದಿನ ನಾನು ಪಕ್ಕದಲ್ಲೇ ಇದ್ದೆ” ಎಂದ. ಅಷ್ಟೇ ಹೇಳಿದ್ದು. ಬೈಯಲಿಲ್ಲ, ಹೊಗಳಲೂ ಇಲ್ಲ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಆಯಾಸ. ದಿನವಿಡೀ ಅಪರಿಚಿತರಿಗೆ ಯಾವ ಮಹಡಿ ಎಂದು ಕೇಳುವವನು ತನ್ನ ಹೆಂಡತಿಯನ್ನು ಒಂದು ಮಾತೂ ಕೇಳಿರಲಿಲ್ಲ.

“ನಾಳೆ ಅವಳಿಗೆ ನಿಜ ಹೇಳಿಬಿಡು, ಚೀಲ ಅವಳ ಮನೆಗೆ ಹೋಗಲಿ” ಎಂದೆ ನಾನು. ನನಗೆ ಎಲ್ಲವೂ ಸುಲಭವಾಗಿ ಕಾಣುತ್ತದೆ, ಮಾಡುವವಳು ಬೇರೆಯವಳಾಗಿದ್ದರೆ.

“ಏನಂತ ಹೇಳಲಿ?” ಅತ್ತಿಗೆ ಕಣ್ಣೊರೆಸಿಕೊಂಡಳು. “ನಾನು ನಿನ್ನ ಹಾಗೆ ಬಡವಳಲ್ಲ, ನಾನು ದಾನ ಮಾಡೋಳು, ನಿನ್ನ ಚೀಲ ನೀನೇ ಇಟ್ಕೋ ಅಂತಾನಾ? ಅವಳು ಜೀವಮಾನವಿಡೀ ತಗೊಂಡವಳು. ಮೊದಲನೇ ಸಲ ಕೊಟ್ಟಿದ್ದಾಳೆ. ಈ ವಾರವೆಲ್ಲ ಅವಳ ಮುಖ ನೋಡಬೇಕಿತ್ತು ನೀನು. ಬೆಡ್‌ಶೀಟು ಹಿಡಿದು ಹಾಡು ಗುನುಗ್ತಾ ಇದ್ದಳು. ಅದನ್ನ ಹೇಗೆ ಕಿತ್ಕೊಳ್ಳಲಿ? ಕಿತ್ಕೊಳ್ಳದೆ ಆ ಮಕ್ಕಳ ಅನ್ನ ಹೇಗೆ ಇಟ್ಕೊಳ್ಳಲಿ?”

ಬಾಯಲ್ಲಿಟ್ಟ ಬಿಸಿತುಪ್ಪ ಎಂದರೆ ಇದೇ. ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ. ಸೋಮವಾರ ಅತ್ತಿಗೆ ಹೇಳಲೇಬೇಕೆಂದು ಹೊರಟಳು. ಸಂಜೆ ಬಂದು, ಹೇಳಲಾಗಲಿಲ್ಲ ಎಂದಳು. ಮಂಗಳವಾರವೂ ಅದೇ. ತುದಿಗೆ ತುದಿ ಕೂಡಿಸಲು ಮುಂದೆ ಬಂದಾಗ ಗುಬ್ಬಚ್ಚಿಯ ಮುಖ ಅಷ್ಟು ಹತ್ತಿರ ಬರುತ್ತದೆ, ಕಣ್ಣು ತಪ್ಪಿಸಿದರೆ ಬೆಡ್‌ಶೀಟು ಸೊಟ್ಟಗಾಗುತ್ತದೆ. ಎಷ್ಟು ಸೊಟ್ಟಗಾದವೋ, ಮೇಲ್ವಿಚಾರಕ ಬಂದು ಇಬ್ಬರಿಗೂ ಬೈದುಹೋದನಂತೆ. ಮನೆಯಲ್ಲಿ ಚೀಲ ಕಟ್ಟಿದ ಗಂಟು ಬಿಚ್ಚದೆ ಹಾಗೇ ಕೂತಿತ್ತು. ಮೂವರೂ ಅದಕ್ಕೆ ತಾಗದಂತೆ ಸುತ್ತಿ ಬಳಸಿ ಓಡಾಡುತ್ತಿದ್ದೆವು. ಅತ್ತಿಗೆ ರಾತ್ರಿಯ ಪ್ರಾರ್ಥನೆಗೆ ಮೊಣಕಾಲೂರಿದವಳು ಬಾಯಿ ತೆರೆಯದೆ ಎದ್ದುಬಿಡುತ್ತಿದ್ದಳು.

ಬುಧವಾರ ಹೊಲಿದ ಬೆಡ್‌ಶೀಟು ಕೊಡಲು ಆಸ್ಪತ್ರೆಗೆ ಹೋದವಳು ಅಲ್ಲಿಂದ ಸೀದಾ ಗುಬ್ಬಚ್ಚಿಯ ಮನೆಗೆ ಹೋದೆ. ಅವಳಿಗೆ ಅವತ್ತು ವಾರದ ರಜೆ. ಅತ್ತಿಗೆ ನನ್ನನ್ನು ಬಾಯಿ ಎಂದಿದ್ದಳಲ್ಲ, ಆ ಬಾಯಿಯ ಕೆಲಸವನ್ನು ಬಾಯಿಯೇ ಮಾಡಲಿ ಎಂದುಕೊಂಡೆ.

ಮನೆ ಎಂದರೆ ಒಂದು ಗ್ಯಾರೇಜಿನ ಹಿಂದಿನ ಒಂದೇ ಕೋಣೆ. ಗೋಡೆಯ ಆಚೆ ಯಾರೋ ಕಬ್ಬಿಣ ಉಜ್ಜುತ್ತಿದ್ದರು, ಮಾತು ಕೇಳಬೇಕಾದರೆ ಜೋರಾಗಿ ಆಡಬೇಕು. ಮಂಚದ ಮೇಲೆ ಹಿರಿಯ ಹುಡುಗಿ ಚಿಕ್ಕವಳಿಗೆ ಜಡೆ ಹಾಕುತ್ತಿದ್ದಳು. ಒಲೆಯ ಮೇಲಿನ ಪಾತ್ರೆಯಲ್ಲಿ ಗಂಜಿ ಕುದಿಯುತ್ತಿತ್ತು, ನೀರೇ ಹೆಚ್ಚು. ನನ್ನನ್ನು ನೋಡಿ ಗುಬ್ಬಚ್ಚಿ ಗಾಬರಿಯಾದಳು. “ಅಕ್ಕನಿಗೆ ಏನಾಯ್ತು?” ಎಂದಳು.

“ಏನೂ ಆಗಿಲ್ಲ” ಎಂದು ಮಕ್ಕಳನ್ನು ಆಚೆ ಕಳಿಸಲು ಹೇಳಿದೆ. ಆಮೇಲೆ ಎಲ್ಲ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಾವು ಶ್ರೀಮಂತರಲ್ಲ, ಆದರೆ ಹಸಿದವರೂ ಅಲ್ಲ ಎಂದೆ. ಚಹಾ ಯಾಕೆ ಬಿಟ್ಟಿದ್ದು, ನಡೆಯುವುದು ಯಾಕೆ, ಬರೀ ಅನ್ನದ ಡಬ್ಬಿ ಯಾಕೆ, ಹಾಲಿನ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಿದೆ. “ಅವಳಿಗೆ ಹೇಳೋಕೆ ಬಾಯಿ ಬರ್ತಾ ಇಲ್ಲ. ನಾಲ್ಕು ದಿನದಿಂದ ಸಾಯ್ತಾ ಇದ್ದಾಳೆ. ಇವತ್ತೇ ಬಂದು ನಿನ್ನ ಚೀಲ ತಗೊಂಡು ಹೋಗು” ಎಂದೆ.

ಒಲೆಯ ಮುಂದೆ ಕೂತಿದ್ದ ಗುಬ್ಬಚ್ಚಿಯ ಸೌಟು ಹಿಡಿದ ಕೈ ಹಾಗೇ ನಿಂತಿತು. ಅವಳ ಮುಖ ಕೆಂಪಾಯಿತು, ಆಮೇಲೆ ಬಣ್ಣವೆಲ್ಲ ಇಳಿದುಹೋಯಿತು. ನಾನು ಮಾಡಿದ್ದು ಎಂಥ ಕೆಲಸ ಎಂದು ಅರಿವಾಗಿ ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವಳೇ ಮಾತಾಡಿದಳು.

“ಅಕ್ಕನಿಗೆ ಗೊತ್ತಾ, ನೀವು ಇಲ್ಲಿ ಬಂದಿರೋದು?”

“ಇಲ್ಲ.”

“ಹಾಗಾದರೆ ಹೇಳಬೇಡಿ. ನನಗೆ ಈಗ ಎಲ್ಲ ಗೊತ್ತು ಅಂತ ಅವಳಿಗೆ ಗೊತ್ತಾಗೋದು ಬೇಡ.” ಸೌಟು ಕೆಳಗಿಟ್ಟಳು. “ಮುಂದಿನ ತಿಂಗಳು ನಾನೇ ಟೀಚರಮ್ಮನ ಹತ್ತಿರ ಹೋಗಿ ನನ್ನ ಚೀಲ ಕೇಳ್ತೀನಿ. ನನಗೇನು, ಕೇಳಿ ಅಭ್ಯಾಸ ಇದೆ. ಈ ತಿಂಗಳದ್ದು ಮಾತ್ರ ನೀವೇ ಇಟ್ಕೊಳ್ಳಿ.”

“ಮಕ್ಕಳಿಗೆ ಏನು ಹಾಕ್ತೀಯ? ಹುಚ್ಚು ಹಿಡಿದಿದೆಯಾ ನಿನಗೆ?”

“ಮಕ್ಕಳನ್ನ ಕೇಳಿಯೇ ಕೊಟ್ಟಿದ್ದು” ಎಂದಳು. “ಬೇರೆಯವರಿಗೆ ನಾವೂ ಕೊಡಬಹುದಾ ಅಂತ ದೊಡ್ಡವಳು ಕೇಳಿದಳು. ಹೂಂ ಅಂದೆ. ಈ ಭಾನುವಾರ ಚರ್ಚಿನಿಂದ ತಲೆ ಎತ್ತಿಕೊಂಡು ನಡೆದುಬಂದರು ಇಬ್ಬರೂ. ಈಗ ಹೋಗಿ ಏನು ಹೇಳಲಿ ಅವರಿಗೆ? ನಾವು ಕೊಟ್ಟಿದ್ದು ಯಾರಿಗೂ ಬೇಡವಾಯ್ತು ಅಂತಾನಾ?”

ಅತ್ತಿಗೆಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟು ಎದ್ದೆ. ಬೇರೆ ದಿನವಾಗಿದ್ದರೆ ಒಂದಕ್ಕೆ ಹತ್ತು ಹೇಳುತ್ತಿದ್ದೆ. ಬಾಗಿಲವರೆಗೆ ಬಂದು ಅವಳು ನನ್ನ ಕೈ ಹಿಡಿದುಕೊಂಡಳು. ಹಬೆಯಲ್ಲಿ ಬೆಂದ, ಬಿಳಿಚಿದ, ಅತ್ತಿಗೆಯದೇ ಕೈ.

“ಒಂದು ಮಾತು. ಸಿಸ್ಟರ್‌ಗಳ ಮನೆಗೆ ದಾಟಿಸಬೇಡಿ. ಅಕ್ಕ ಹಾಗೇ ಮಾಡೋಳು, ನನಗೆ ಗೊತ್ತು. ದಾನ ಮಾಡಿಬಿಟ್ಟರೆ ಅದು ಅವಳ ದಾನ ಆಗತ್ತೆ, ನನ್ನದು ಎಲ್ಲಿ ಉಳೀತು? ನೀವು ಮೂವರೇ ತಿನ್ನಿ” ಎಂದಳು.

ದಾರಿಯುದ್ದಕ್ಕೂ ನಾನು ಅವಳನ್ನು ಬೈದುಕೊಂಡೆ, ಅತ್ತಿಗೆಯನ್ನು ಬೈದುಕೊಂಡೆ, ಆ ಫಾದರನ್ನೂ ಬಿಡಲಿಲ್ಲ. ಇದ್ದವರು ಕೊಡುವುದು, ಇಲ್ಲದವರು ತಗೊಳ್ಳುವುದು ಎಂದು ಲೋಕ ಸರಾಗವಾಗಿ ನಡೆದಿತ್ತಲ್ಲ, ಈ ಇಬ್ಬರು ಹೆಂಗಸರು ಎರಡು ತುದಿ ಹಿಡಿದು ಎಳೆದಾಡಿ ಎಲ್ಲ ಬುಡಮೇಲು ಮಾಡಿಟ್ಟರು. ಬೈದೂ ಬೈದೂ ದಣಿದು ಮನೆ ಸೇರಿದೆ. ನನಗೆ ಅಳು ಬಂದದ್ದು ಮೆಟ್ಟಿಲ ಮೇಲೆ.

ಮುಖ ತೊಳೆದು ಚೀಲದ ಗಂಟು ಬಿಚ್ಚಿದೆ. ಅಕ್ಕಿ ತೊಳೆದು ಇಟ್ಟೆ, ಬೇಳೆ ಬೇಯಿಸಿದೆ, ಅದರಲ್ಲಿದ್ದ ಎಣ್ಣೆಯಿಂದಲೇ ಒಗ್ಗರಣೆ ಹಾಕಿದೆ. ಸಂಜೆ ಅತ್ತಿಗೆ ಬಂದು ಬಾಯಿ ಬಿಚ್ಚಿದ ಚೀಲ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

“ಏನು ಮಾಡಿದೆ ನೀನು?”

“ಅಡುಗೆ ಮಾಡಿದೆ. ಕೈ ತೊಳೆದುಕೊಂಡು ಬಾ.”

“ಅವಳಿಗೆ ಹೇಳಿದೆಯಾ?”

“ಇಲ್ಲ” ಎಂದೆ. ಅವಳ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳಿದೆ, ಯಾಕೆಂದರೆ ಮಾತು ಕೊಟ್ಟಿದ್ದೆ. “ಅವಳು ಕೊಟ್ಟಿದ್ದಾಳೆ. ನಾವು ತಿನ್ನಬೇಕು. ನಿನ್ನ ಹತ್ತಿರ ಬೇರೆ ದಾರಿ ಇದ್ದರೆ ಹೇಳು.”

ಅವಳು ಕೈ ತೊಳೆಯಲು ಹೋದಳು. ಅಣ್ಣ ಬಂದ, ನೋಡಿದ, ಸಮವಸ್ತ್ರದ ಅಂಗಿ ಕಳಚಿ ಮೊಳೆಗೆ ಹಾಕಿ ಬಂದು ಕೂತ. ಮೂರು ತಟ್ಟೆಗೆ ಬಡಿಸಿದೆ. ಊಟಕ್ಕೆ ಮೊದಲು ಪ್ರಾರ್ಥನೆ ಹೇಳುವವಳು ಯಾವಾಗಲೂ ಅತ್ತಿಗೆ. ಕೈ ಜೋಡಿಸಿದಳು, ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅನ್ನದ ಹಬೆ ನಮ್ಮ ಮೂವರ ನಡುವೆ ಏಳುತ್ತಿತ್ತು. ಆಗ ಯಾರ ಮುಂದೆಯೂ ಕೈ ಚಾಚದ ನನ್ನ ಅಣ್ಣ ತಲೆ ತಗ್ಗಿಸಿದ.

“ಕರ್ತನೇ, ಇದನ್ನ ನಮಗೆ ಕೊಟ್ಟವಳನ್ನ ಆಶೀರ್ವದಿಸು. ಅವಳ ಮಕ್ಕಳನ್ನ ನೋಡಿಕೋ” ಎಂದ. ಆಮೇಲೆ, “ನಮಗೆ ತಗೊಳ್ಳೋದು ಕಲಿಸು” ಎಂದ.

ಅಂಥ ಕಷ್ಟದ ತುತ್ತು ನಾನು ಜನ್ಮದಲ್ಲಿ ನುಂಗಿಲ್ಲ. ಅತ್ತಿಗೆ ಅಳುತ್ತಲೇ ತಿಂದಳು. ಅಣ್ಣ ಎರಡನೇ ಸಲ ಬಡಿಸಿಕೊಂಡ. ಯಾರ ತಟ್ಟೆಯಲ್ಲೂ ಒಂದು ಅಗುಳು ಉಳಿಯಲಿಲ್ಲ.